ಕರೆಂಟ್ ಹೋದ ಮ್ಯಾಲೂ ನುಡಿಯೋ ಗಿಟಾರ್

ಹೋದ ಮಳಿಗಾಲದಾಗಿನ ಮಾತು. ಸಂಜಿ ಏಳರ ಸುಮಾರಿಗೆ ಕರೆಂಟ್ ಹೋತು. ಧಾರವಾಡದ ಮಳಿ ನಿಮಗ ಗೊತ್ತಲ್ರಿ, ಒಮ್ಮೆ ಜಿಟಿಜಿಟಿ ಹಿಡೀತಂದ್ರ ಕರೆಂಟ್ ಯಾವಾಗ ಬರ್ತದ ಅಂತ ಕೇಳೋ ಹಂಗಿಲ್ಲಾ. ನಮ್ಮಪ್ಪ ಒಳಗಿನ ಖೋಲ್ಯಾಗ ಮಲಗಿದ್ರು. ಬಚ್ಚಲದಾಗ ಜಾರಿ ಬಿದ್ದು ಸೊಂಟದ ಎಲುವು ಮುರಕೊಂಡ ಮ್ಯಾಲ ಎಂಟ ತಿಂಗಳಿಂದ ಅವರ ಜಗತ್ತಂದ್ರ ಅದ ಖೋಲಿ, ಅದ ಟಿ.ವಿ. ಕತ್ತಲ್ಯಾಗ ಕೂಗಿ ಅಂದ್ರು:

"ಏನಪಾ, ಟಿ.ವಿ.ನೂ ಹೋತು. ನಿನ್ನ ಗಿಟಾರ್ ಆದ್ರೂ ಬಾರಸು."

ನನ್ನ ಗಿಟಾರ್ ಅಂದ್ರ ಎಲೆಕ್ಟ್ರಿಕ್. ಕಾಲೇಜ್ ಮುಗಿಸಿ ಆರ್ಕೆಸ್ಟ್ರಾದಾಗ ಬಾರಸ್ತಿದ್ದಾಗ ತಗೊಂಡದ್ದು. ಆಂಪ್ಲಿಫೈಯರ್ ಇಲ್ಲಂದ್ರ ಅದರ ದನಿ ಬಾಟಲಿ ಒಳಗಿನ ನೊಣದಷ್ಟು. ಆದ್ರೂ ಮಂಚದ ಹತ್ರ ಕುರ್ಚಿ ಹಾಕ್ಕೊಂಡು ಒಂದ ಹಾಡು ಪೂರ್ತಿ ಬಾರಸಿದೆ. ಮುಗದ ಮ್ಯಾಲ ಅಪ್ಪ ಕೇಳಿದ್ರು, "ಶುರು ಮಾಡ್ತೀಯೋ ಇಲ್ಲೋ?"

ಮರುದಿನ ಮುಂಜಾನೆ ಚಹಾ ಕುಡಿಯುವಾಗ ಮೆಲ್ಲಕ ವಿಷಯ ತಗದೆ. ಫ್ರಿಡ್ಜಿಗೆ ಅಂತ ತಗದಿಟ್ಟ ರೊಕ್ಕದಾಗ 10 ಸಾವಿರ ಬೇಕು, ಒಂದ ಅಕೌಸ್ಟಿಕ್ ಗಿಟಾರ್ ತಗೋಬೇಕು ಅಂತ. ನಮ್ಮನಿಯಾಕಿ ಒಂದ ಕ್ಷಣ ಸುಮ್ನಿದ್ದು ಅಂದ್ಳು, "ಅಲ್ರೀ, ಮನ್ಯಾಗ ಆಗಲೇ ಎರಡ ಗಿಟಾರ್ ಅವ. ಒಂದು ಕರೆಂಟ್ ಇಲ್ದ ನುಡಿಯಂಗಿಲ್ಲಾ. ಇನ್ನೊಂದು ಕರೆಂಟ್ ಇದ್ರೂ ನುಡಿಯಂಗಿಲ್ಲಾ. ಇನ್ನ ಮೂರನೇದ್ದು ಯಾಕ?"

ಎರಡನೇದ್ದರ ಕಥಿ ಹೇಳಲಿಕ್ಕೇ ಬೇಕು. ಆರ ವರ್ಷದ ಹಿಂದ ಮಗಳು ಎಂಟನೇತ್ತೆ ಇದ್ದಾಗ ಅಕಿಗೆ ಅಂತ ಆನ್‌ಲೈನ್‌ದಾಗ ತರಿಸಿದ್ದು. ಮೂರೂವರೆ ಸಾವಿರಕ್ಕ ಗಿಟಾರು, ಚೀಲಾ, ಪಟ್ಟಿ ಎಲ್ಲಾ ಕೂಡಿ. ಫೋಟೋ ನೋಡಿ, ಬಣ್ಣ ನೋಡಿ ತಗೊಂಡದ್ದು. ಒಂದ ತಿಂಗಳ ಬೆರಳ ತುದಿ ಕೆಂಪ ಮಾಡ್ಕೊಂಡು, ಆಮ್ಯಾಲ ಒಂದಿನ "ಪಪ್ಪಾ, ನನಗ ಸಂಗೀತ ಬರಂಗಿಲ್ಲ ಬಿಡು" ಅಂತ ಗ್ವಾಡಿಗೆ ತೂಗ ಹಾಕಿದ್ಳು. ನಾನೂ ಹೂಂ ಅಂದೆ. ಇಪ್ಪತ್ತ ವರ್ಷ ಗಿಟಾರ್ ಬಾರಸಿದಾಂವ, ಒಮ್ಮೆ ಆದ್ರೂ ಅದನ್ನ ಕೈಯಾಗ ಹಿಡದು ನೋಡಲಿಲ್ಲಾ.

ಈ ಸಲ ಅಪ್ಪನ ಆ ಗಿಟಾರ್ ತರಿಸಿ ಎದಿ ಮ್ಯಾಲ ಇಟಗೊಂಡ್ರು. ಅವರು ನೌಕರಿ ಮಾಡಿದ್ದು ಪೋಸ್ಟ್ ಆಫೀಸಿನ್ಯಾಗ, ಜೀವ ಇದ್ದದ್ದು ತಂಬೂರಿಯೊಳಗ. ಊರಾಗಿನ ಬೈಠಕ್‌ಗಳೊಳಗ ಹಾಡೋರ ಹಿಂದ ಕೂತು ತಂಬೂರಿ ಮೀಟಿದವರು. ತಂತಿ ಮ್ಯಾಲ ಬೆರಳ ಆಡಿಸಿ ಅಂದ್ರು, "ಇದರ ಕುದರಿ ಎತ್ತರ ಅದಲ್ಲೋ. ತಂತಿ ಮುಗಲಿಗೆ ಹೋಗ್ಯಾವ. ಮಿರಜದಿಂದ ತಂದ ತಂಬೂರಿನೂ ಜವಾರಿ ಸರಿ ಇರಲಿಲ್ಲಂದ್ರ ಬರೇ ಕಟಗಿ. ಮೊದಲ ಜವಾರಿ ನೋಡು, ಆಮ್ಯಾಲ ಹೆಸರ ನೋಡು."

ನಮ್ಮ ಕಡೆ ಜವಾರಿ ಅಂದ್ರ ಸೌತಿಕಾಯಿ ನೆನಪಾಗ್ತದ. ತಂಬೂರಿ ಜವಾರಿ ಬ್ಯಾರೆ. ತಂತಿ ಹಾಯೋ ಕುದರಿಯ ಮ್ಯಾಲಿನ ಮೈಯನ್ನ ಇಷ್ಟಿಷ್ಟ ತಿಕ್ಕಿ, ತಂತಿ ತಳಗ ಒಂದ ದಾರ ಇಟ್ಟು, ತಂತಿ ಕುದರಿಗೆ ತಾಗಿಯೂ ತಾಗಧಂಗ ಕೂಡಿಸಿದಾಗ ಬರೋ ಆ ಝೇಂಕಾರ. ಗಿಟಾರಿಗೆ ಝೇಂಕಾರ ಬ್ಯಾಡ, ಖರೆ. ಆದ್ರ ಕುದರಿ ಸರಿ ಕೂಡ್ಲಿಲ್ಲಂದ್ರ ವಾದ್ಯ ಇಲ್ಲಾ ಅನ್ನೋ ಮಾತು ಎರಡಕ್ಕೂ ಒಂದ.

ಆವತ್ತ ಮಗಳ ಹಳೇ ಕಂಪಾಸ್ ಪೆಟಗಿಯೊಳಗಿನ ಸ್ಕೇಲ್ ತಗೊಂಡು 12ನೇ ಫ್ರೆಟ್ ಮ್ಯಾಲ ದಪ್ಪ ತಂತಿ ಎಷ್ಟ ಎತ್ತರ ಅದ ಅಂತ ಅಳದೆ. ನಾಲ್ಕೂವರೆ ಮಿ.ಮೀ. ನನ್ನ ಎಲೆಕ್ಟ್ರಿಕ್‌ದಾಗ ಅದು ಒಂದೂವರೆ. ಅಕೌಸ್ಟಿಕ್‌ದಾಗ ಎರಡೂವರೆ ಇದ್ರ ಆರಾಮ. ಹದಿಮೂರ ವರ್ಷದ ಹುಡಿಗಿ ಬೆರಳಿಗೆ ನಾಲ್ಕೂವರೆ ಕೊಟ್ಟು, ಆಮ್ಯಾಲ ಅಕಿಗೆ ಸಂಗೀತ ಬರಂಗಿಲ್ಲ ಅಂತ ನಾವು ತೀರ್ಪು ಬರದ್ವಿ.

ಇದರಿಂದ ನಾ ಒಂದ ಮಾತಿಗೆ ಬಂದೀನಿ. ಎಲೆಕ್ಟ್ರಿಕ್ ಬಾರಸಾವರು ಕಡಿಮಿ ರೊಕ್ಕದಾಗ ಅಕೌಸ್ಟಿಕ್ ತಗೋಬೇಕಂದ್ರ ಕಿವಿಗಿಂತ ಮೊದಲ ಎಡಗೈ ಮಾತು ಕೇಳಬೇಕು. ಮತ್ತ ಇದ್ದ ರೊಕ್ಕಾ ಎಲ್ಲಾ ಗಿಟಾರಿಗೇ ಹಾಕಬಾರದು, ಒಂದ ಪಾಲು ಅದನ್ನ ಸರಿ ಮಾಡಿಸ್ಲಿಕ್ಕೆ ಇಡಬೇಕು.

ಭಾಳ ಮಂದಿ ಇದನ್ನ ಒಪ್ಪಂಗಿಲ್ಲಾ. "ಅಕೌಸ್ಟಿಕ್ ಅಂದ್ರ ಹಂಗ, ಬೆರಳ ಗಟ್ಟಿ ಆಗ್ಬೇಕು" ಅಂತಾರ. ಬೆರಳ ಗಟ್ಟಿ ಆಗೋದು ಖರೆ. ಆದ್ರ ಎಷ್ಟ ಫರಕ್ ಅಂತ ನೋಡ್ರಿ. ಎಲೆಕ್ಟ್ರಿಕ್‌ಗೆ ಹಾಕೋ 9ರ ಸೆಟ್ಟಿನ ಆರೂ ತಂತಿ ಕೂಡಿ ಎಳೆಯೋದು ಸುಮಾರು 40 ಕೆ.ಜಿ. ಅಕೌಸ್ಟಿಕ್‌ಗೆ ಸಾಮಾನ್ಯ ಹಾಕೋ 12ರ ಸೆಟ್ 70 ಕೆ.ಜಿ.ಗಿಂತ ಜಾಸ್ತಿ. (9, 12 ಅಂದ್ರ ಎಲ್ಲಾಕಿಂತ ಸಣ್ಣ ತಂತಿ ಇಂಚಿನ ಸಾವಿರದಾಗ ಎಷ್ಟ ಪಾಲು ದಪ್ಪ ಅಂತ.) ಮ್ಯಾಲ ಎಲೆಕ್ಟ್ರಿಕ್‌ದ ಮೂರನೇ ತಂತಿ ಸಾಮಾನ್ಯಕ್ಕ ಬರೇ ಉಕ್ಕಿಂದು, ಅಕೌಸ್ಟಿಕ್‌ದಾಗ ಅದಕ್ಕ ಸುತ್ತು ತಂತಿ ಇರ್ತದ. ಅದನ್ನ ಜಗ್ಗಿ ಸ್ವರ ಏರಿಸಬೇಕಂದ್ರ ಬೆರಳ ಅಲ್ಲಾ, ಮೊಳಕೈ ನೋಯ್ತದ. ಇದರ ಜೊತಿಗೆ ಕುದರಿನೂ ಎತ್ತರ ಇದ್ರ ರಿಯಾಜ್ ಎಲ್ಲಿದು? ಮೂರ ದಿವಸಕ್ಕ ಗ್ವಾಡಿ.

ಹಳೇದನ್ನ ಹುಬ್ಬಳ್ಳ್ಯಾಗ ವಾದ್ಯ ರಿಪೇರಿ ಮಾಡೋರ ಹತ್ರ ಒಯ್ದೆ. ಅವರು ಕುತ್ತಿಗಿ ಒಂದ ಕಣ್ಣಿಂದ ನೋಡಿ ತಲಿ ಅಲ್ಲಾಡಿಸಿದ್ರು. ಕುತ್ತಿಗಿ ಬಿಲ್ಲಿನಂಗ ಬಾಗಿತ್ತು, ಒಳಗ ಅದನ್ನ ಹಿಡಿಯೋ ಟ್ರಸ್ ರಾಡ್ ಅನ್ನೋ ಉಕ್ಕಿನ ಸರಳ ಇರಲೇ ಇಲ್ಲಾ. "ಸರ್, ಇದಕ್ಕ ರೊಕ್ಕ ಹಾಕಬ್ಯಾಡ್ರಿ" ಅಂದ್ರು. ಅವರ ಹತ್ರನ ಒಂದ ತಾಸು ಕೂತು ಏನೇನ ನೋಡಬೇಕು ಅಂತ ಕೇಳ್ಕೊಂಡೆ. ಅದರ ಸಾರ ಇಷ್ಟು.

ಮೊದಲ ಆ ಸರಳ ಅದನೋ ಇಲ್ಲೋ ನೋಡ್ರಿ. ತಲಿ ಹತ್ರ ಇಲ್ಲಾ ಮೈ ತೂತಿನ ಒಳಗ ಅದರ ಬೋಲ್ಟ್ ಕಾಣ್ತದ. ಎರಡನೇದ್ದು, ತಂತಿಯನ್ನ ಮೂರನೇ ಫ್ರೆಟ್‌ನಾಗ ಒತ್ತಿ ಹಿಡದು ಒಂದನೇ ಫ್ರೆಟ್ ಮ್ಯಾಲ ಎಷ್ಟ ಸಂದು ಉಳೀತದ ನೋಡ್ರಿ. ಕೂದಲೆಳಿಯಷ್ಟ ಇರಬೇಕು. ಜಾಸ್ತಿ ಇದ್ರ ತಲಿ ಕಡೆ ತಂತಿ ಕೂಡೋ ಆ ಬಿಳೇ ಪಟ್ಟಿ, ನಟ್ ಅಂತಾರ, ಅದರ ಗೀರು ಆಳ ಮಾಡಿಸಬೇಕು. ಎಫ್ ಕಾರ್ಡ್ ಹಿಡಿಲಿಕ್ಕೆ ಬರ್ಲಿಲ್ಲಂದ್ರ ಅರ್ಧ ತಪ್ಪು ಅಲ್ಲೇ ಇರ್ತದ. ಮೂರನೇದ್ದು, 12ನೇ ಫ್ರೆಟ್‌ದಾಗ ಎತ್ತರ ಒಂದ ಮಿ.ಮೀ. ಇಳಿಸಬೇಕಂದ್ರ ಕೆಳಗಿನ ಸ್ಯಾಡಲ್ ಎರಡ ಮಿ.ಮೀ. ತಿಕ್ಕಬೇಕು. ಅಷ್ಟ ತಿಕ್ಕಿದ ಮ್ಯಾಲೂ ಸ್ಯಾಡಲ್ ಉಳೀತದೋ ಇಲ್ಲೋ ಅಂತ ಅಂಗಡ್ಯಾಗನ ನೋಡ್ರಿ.

ಇನ್ನ ಕುತ್ತಿಗಿ ಅಳತಿ. ಎಲೆಕ್ಟ್ರಿಕ್‌ದ ನಟ್ ಅಗಲ ಸುಮಾರು 42-43 ಮಿ.ಮೀ. ಇರ್ತದ. ನೈಲಾನ್ ತಂತಿ ಮೆತ್ತಗ ಅದ ಅಂತ ಕ್ಲಾಸಿಕಲ್ ಗಿಟಾರಿಗೆ ಮನಸ್ಸು ಹೋಗ್ತದ, ಆದ್ರ ಅದರ ಅಗಲ 52ರ ಹತ್ರ. ಅಂಗೈ ಹೊಸದಾಗಿ ಕಲೀಬೇಕು. ತಂತಿ ಉದ್ದನೂ ನೋಡ್ರಿ. ಫೆಂಡರ್ ಎಲೆಕ್ಟ್ರಿಕ್‌ಗೋಳದ್ದು ಸಾಮಾನ್ಯಕ್ಕ 648 ಮಿ.ಮೀ., ಗಿಬ್ಸನ್‌ದು ಸುಮಾರು 629. ನಮ್ಮಲ್ಲೆ ಎಲ್ಲಾರ ಬಾಯಾಗ ಇರೋ ಯಮಾಹಾ ಎಫ್310 ಅಂಬೋ ಮಾಡೆಲ್‌ದಾಗ ನಟ್ 43, ಉದ್ದ 634. ಅಂದ್ರ ಎರಡರ ನಡುವ. ಅದನ್ನ ತಗೊಳ್ರಿ ಅಂತ ಹೇಳ್ಲಿಕತ್ತಿಲ್ಲಾ. ಅದನ್ನ ಕೈಯಾಗ ಹಿಡದು ಅಳತಿ ತಿಳಕೊಂಡ್ರ ಉಳದವನ್ನ ತೂಗಿ ನೋಡ್ಲಿಕ್ಕೆ ಒಂದ ಕಲ್ಲು ಸಿಕ್ಕಂಗ.

ಮೈ ದೊಡ್ಡದು ಬೇಕಂತ ಅಂಗಡ್ಯಾವರು ಅಂತಾರ. ಅಂಗಡ್ಯಾಗ ಜಾಸ್ತಿ ತೂಗ್ಹಾಕಿರೋದು ಡ್ರೆಡ್‌ನಾಟ್ ಆಕಾರ. ಅಮೇರಿಕಾದ ಮಾರ್ಟಿನ್ ಕಂಪನಿ 1916ರಾಗ ಮಾಡಿದ್ದು, ಹೆಸರು ಇಟ್ಟದ್ದು ಬ್ರಿಟಿಷರ ಯುದ್ಧದ ಹಡಗಿಂದು. ಹೆಸರಿಗೆ ತಕ್ಕಂಗ ದನಿನೂ ದೊಡ್ಡದು. ಆದ್ರ ನಾಲ್ಕೂವರೆ ಸೆಂ.ಮೀ. ದಪ್ಪದ ಎಲೆಕ್ಟ್ರಿಕ್ ಅಪ್ಪಿಕೊಂಡು ರೂಢಿ ಇದ್ದವರಿಗೆ ಹತ್ತ ಹನ್ನೊಂದ ಸೆಂ.ಮೀ. ಹಡಗ ತೊಡಿ ಮ್ಯಾಲ ಇಟಗೊಂಡ್ರ ಬಲಗೈ ಭುಜ ಅರ್ಧ ತಾಸಿಗೆ ಹಿಡೀತದ. ಹತ್ತು ಬಾಯಿ ಹನ್ನೆರಡ ಫೂಟಿನ ಖೋಲ್ಯಾಗ ಒಬ್ಬ ಮುದುಕಗ ಕೇಳಿಸ್ಲಿಕ್ಕೆ ಹಡಗ ಯಾಕ? ಕಾನ್ಸರ್ಟ್ ಅಂತಾರಲ್ಲಾ, ಆ ಸಣ್ಣ ಮೈ ಸಾಕು.

ನಮ್ಮಂಥವರು ಮೋಸ ಹೋಗೋದು ಇನ್ನೆರಡರಾಗ. ಒಂದು, ಪಿಕಪ್ ಇದ್ದದ್ದ ಬೇಕು ಅನ್ನೋ ಹುಚ್ಚು. ಹತ್ತ ಸಾವಿರದಾಗ ವೈರು, ಬ್ಯಾಟರಿ ಸೇರಿದ್ರ ಅಷ್ಟ ರೊಕ್ಕ ಕಟಗಿಯೊಳಗಿಂದ ಕಡಿಮಿ ಆದಂಗ. ವೈರ್ ಹಚ್ಚೋ ಗಿಟಾರ್ ಮನ್ಯಾಗ ಇದ್ದದ್ದ ಅದಲ್ಲಾ. ಇನ್ನೊಂದು, ಮ್ಯಾಲಿನ ಹಲಗಿ ಪ್ಲಾಯ್ ಆಗಬಾರದು, ಅಖಂಡ ಕಟಗೀನ ಆಗ್ಬೇಕು ಅನ್ನೋ ಹಟ. ಅಖಂಡ ಹಲಗಿ ದನಿ ಚೊಲೋನ, ನಾ ಇಲ್ಲನ್ನಂಗಿಲ್ಲಾ. ಆದ್ರ ಅದಕ್ಕ ಹವಾದಾಗ ತೇವ 45ರಿಂದ 55 ಪರ್ಸೆಂಟ್ ಇರ್ಬೇಕಂತಾರ. ನಮ್ಮಲ್ಲೆ ಜುಲೈದಾಗ ಅಕ್ಕಿ ಡಬ್ಬಿನೂ ಮುಗ್ಗಲ ಹಿಡೀತದ, ಮಾರ್ಚ್‌ದಾಗ ತುಟಿ ಒಡೀತಾವ. ರೋಗಿ ಇರೋ ಮನ್ಯಾಗ ಗಿಟಾರಿನ ಸೇವಾನೂ ಯಾರ ಮಾಡೋರು? ಪ್ಲಾಯ್ ತಡಕೋತದ.

ಕಡೀಕ ಸಣ್ಣ ಮೈದು, ಪ್ಲಾಯ್ ಹಲಗಿದು, 43 ಮಿ.ಮೀ. ನಟ್ ಇದ್ದದ್ದು ಒಂದು 8,600ಕ್ಕ ತಗೊಂಡೆ. ಕಂಪನಿ ಹೆಸರ ಹೇಳಂಗಿಲ್ಲಾ, ಯಾಕಂದ್ರ ಅದ ಅಂಗಡ್ಯಾಗ ಅದ ಮಾಡೆಲ್ಲಿನ ಮೂರ ಗಿಟಾರ್ ಅಳದ್ರ ಮೂರೂ ಬ್ಯಾರೆ ಬ್ಯಾರೆ ಬಂದ್ವು. 12ರ ತಂತಿ ತಗಸಿ 11ರದ್ದು ಹಾಕಿಸಿದೆ, 450. ನಟ್, ಸ್ಯಾಡಲ್ ತಿಕ್ಕಿ, ಸರಳ ತಿರುವಿ ಕೊಟ್ಟದ್ದಕ್ಕ 700. ತಂತಿ ಸಣ್ಣವಾದ್ರ ದನಿ ಸ್ವಲ್ಪ ಇಳೀತದ, ಸುಳ್ಳಲ್ಲಾ. ಆದ್ರ ದಿನಾ ಬಾರಸೋ ಸಣ್ಣ ದನಿ, ಗ್ವಾಡಿ ಮ್ಯಾಲಿನ ದೊಡ್ಡ ದನಿಗಿಂತ ಲೇಸು. ಉಳದ 250ಕ್ಕ ಲೈನ್ ಬಜಾರದಿಂದ ಪೇಢೆ ತಂದು ನಮ್ಮನಿಯಾಕಿ ಕೈಯಾಗ ಇಟ್ಟೆ. ಹಳೇ ಫ್ರಿಡ್ಜ್ ಇನ್ನೂ ಗುರುಗುಟ್ಟಲಿಕತ್ತದ, ಆದ್ರ ಅಕಿ ಗುರುಗುಟ್ಟಲಿಲ್ಲಾ.

ನನಗೂ ಹೊಸ ಪಾಠ ಆತು. ಎಲೆಕ್ಟ್ರಿಕ್‌ದಾಗ ದನಿ ಏರಸೋದು ಆಂಪ್ಲಿಫೈಯರಿನ ಕೆಲಸ, ಇಲ್ಲೆ ಬಲಗೈದು. ಅಲ್ಲೆ ಸದ್ದಿನೊಳಗ ಮುಚ್ಚಿ ಹೋಗ್ತಿದ್ದ ತಪ್ಪು ಇಲ್ಲೆ ಒಂದೊಂದೂ ಕೇಳಿಸ್ತಾವ. ಅಪ್ಪ ಕಣ್ಣ ಮುಚ್ಚಿಕೊಂಡ "ಅದು ಬೇಸೂರ ಹೋತು ನೋಡು" ಅಂತಾರ. ಎಂಟ ತಿಂಗಳಾದ ಮ್ಯಾಲ ಅವರಿಗೆ ಯಾರಿಗೋ ಬೈಲಿಕ್ಕೆ ಒಂದ ಕಾರಣ ಸಿಕ್ಕದ.

ದೀಪಾವಳಿಗೆ ಮಗಳು ಹಾಸ್ಟೆಲಿಂದ ಬಂದಾಗ ಅಜ್ಜನ ಮಂಚದ ತುದಿಗೆ ಕೂತು ಸುಮ್ನ ಅದನ್ನ ತಗೊಂಡ್ಳು. ಮರತೀನಿ ಅಂತ ಅನಕೋತ ಜಿ, ಸಿ, ಡಿ ಹಿಡದ್ಳು. ಆಮ್ಯಾಲ ಎಫ್. ದನಿ ಬಂತು. ಒಮ್ಮೆ ಗಿಟಾರ್ ನೋಡಿದ್ಳು, ಒಮ್ಮೆ ನನ್ನ ನೋಡಿದ್ಳು.

"ಅಂದ್ರ ಆವಾಗ ತಪ್ಪು ನಂದಿರಲಿಲ್ಲಾ ಪಪ್ಪಾ?"

ನನಗ ಮಾತ ಬರಲಿಲ್ಲಾ. ಅಪ್ಪನ ಮಲಗಿದಲ್ಲಿಂದ ಅಂದ್ರು, "ಇಲ್ಲವಾ, ಕುದರಿ ಎತ್ತರ ಇತ್ತು."

ಅದಕ್ಕ ಹೇಳೋದು. ಯಾರ ಮನ್ಯಾಗಾದ್ರೂ ಹುಡುಗೂರು "ನನಗ ಬರಂಗಿಲ್ಲಾ" ಅಂದ್ರ ಹೂಂ ಅನ್ನೋಕಿಂತ ಮೊದಲ ಒಂದ ಸ್ಕೇಲ್ ತಗೊಂಡು 12ನೇ ಫ್ರೆಟ್ ಅಳೀರಿ. ಹೊಸಾದು ತಗೊಳ್ಳೋರು ಇದ್ರ ಅದ ಸ್ಕೇಲ್ ಕಿಸೆದಾಗ ಇಟಗೊಂಡ ಅಂಗಡಿಗೆ ಹೋಗ್ರಿ. ಅಂಗಡ್ಯಾವ ನಕ್ಕರ ನಗವಲ್ನ್ಯಾಕ.