ಮಾತಾಡಿದ ಮೇಲೆ ಏನಾಗುತ್ತದೆ?

ಯಾವ ದೇಶದಲ್ಲಿ ಸ್ವಾತಂತ್ರ್ಯ ಹೆಚ್ಚು ಎಂಬ ಚರ್ಚೆ ನಮ್ಮ ಹಾಸ್ಟೆಲಿನಲ್ಲಿ ಶುರುವಾದರೆ ಮೆಸ್ ಮುಚ್ಚುವವರೆಗೂ ಮುಗಿಯುವುದಿಲ್ಲ. ಒಬ್ಬ "ಅಮೆರಿಕದಲ್ಲಿ ಅಧ್ಯಕ್ಷನಿಗೇ ಬೈಬಹುದು ಮಾರಾಯ, ಇಲ್ಲಿ ಬೈದು ನೋಡು" ಅಂತಾನೆ. ಇನ್ನೊಬ್ಬ "ಸೌದಿಗೆ ಹೋಗಿ ಇದೇ ಮಾತು ಹೇಳು, ಆಗ ಗೊತ್ತಾಗ್ತದೆ" ಅಂತಾನೆ. ಇಬ್ಬರೂ ಅರ್ಧ ಸರಿ. ಆದರೆ ಮೊದಲನೆಯವನ ಮಾತಿನಿಂದ ನಮಗೆ ಸಿಗುವುದು ಹತಾಶೆ, ಎರಡನೆಯವನ ಮಾತಿನಿಂದ ಸಿಗುವುದು "ಇಷ್ಟಾದರೂ ಇದೆಯಲ್ಲ" ಎಂಬ ಸಮಾಧಾನ. ಹೋಲಿಕೆಯಿಂದ ಏನಾದರೂ ಕಲಿಯಬೇಕಿದ್ದರೆ ಈ ಎರಡನ್ನೂ ಬಿಟ್ಟು ಬೇರೆ ಪ್ರಶ್ನೆ ಕೇಳಬೇಕು ಎನ್ನುವುದು ನಮ್ಮ ವಾದ.

ಪಟ್ಟಿ ನೋಡಿದರೆ ಸಾಕಲ್ಲ ಎನ್ನುವವರಿದ್ದಾರೆ. 'ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್' ಸಂಸ್ಥೆಯ ಪತ್ರಿಕಾ ಸ್ವಾತಂತ್ರ್ಯದ ಪಟ್ಟಿಯಲ್ಲಿ 180 ದೇಶಗಳ ನಡುವೆ ಭಾರತದ ಸ್ಥಾನ 2023ರಲ್ಲಿ 161, 2024ರಲ್ಲಿ 159, 2025ರಲ್ಲಿ 151. ಮೊದಲ ಸ್ಥಾನ ನಾರ್ವೆಗೆ. ಈ ಅಂಕಿಗಳಿಗೆ ಬೆಲೆ ಇಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಇದು ಸಿಜಿಪಿಎ ಇದ್ದ ಹಾಗೆ. ಒಟ್ಟು ಕಡಿಮೆ ಬಂದಿದೆ ಎಂದು ಹೇಳುತ್ತದೆ, ಯಾವ ವಿಷಯದಲ್ಲಿ ಎಲ್ಲಿ ಎಡವಿದ್ದು ಎಂದು ಹೇಳುವುದಿಲ್ಲ.

ಹಾಗಾದರೆ ಸಂವಿಧಾನ ತೆರೆದು ನೋಡುವುದಾ? ಚೀನಾದ ಸಂವಿಧಾನದ 35ನೇ ವಿಧಿ ಪ್ರಜೆಗಳಿಗೆ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ ಎಲ್ಲವನ್ನೂ ಕೊಡುತ್ತದೆ. ಉತ್ತರ ಕೊರಿಯಾದ ಸಂವಿಧಾನದಲ್ಲೂ ವಾಕ್ ಸ್ವಾತಂತ್ರ್ಯ ಬರೆದಿದೆ! ನಾವು ಎಂಜಿನಿಯರಿಂಗ್ ಓದುವವರು. ಡೇಟಾಶೀಟಿನಲ್ಲಿ ಬರೆದದ್ದಕ್ಕೂ ಲೋಡ್ ಹಾಕಿದಾಗ ಆಗುವುದಕ್ಕೂ ಇರುವ ವ್ಯತ್ಯಾಸ ನಮಗೆ ಲ್ಯಾಬಿನಲ್ಲೇ ಗೊತ್ತಾಗುತ್ತದೆ. ಸ್ವಾತಂತ್ರ್ಯವನ್ನೂ ಹಾಗೇ ಅಳೆಯಬೇಕು. ಒಬ್ಬ ಸಾಮಾನ್ಯ ಮನುಷ್ಯ ಅಧಿಕಾರದಲ್ಲಿ ಇರುವವರಿಗೆ ಇಷ್ಟವಾಗದ ಮಾತು ಹೇಳಿದ. ಆಮೇಲೆ ಅವನಿಗೆ ಏನಾಗುತ್ತದೆ? ಯಾರು ತೀರ್ಮಾನಿಸುತ್ತಾರೆ? ಅವನ ಪರವಾಗಿ ಕೇಳುವವರು ಯಾರು?

ಇದಕ್ಕೆ ಉದಾಹರಣೆ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕೋಡಿಂಬಾಳ, ಕಡಬ, ಸುಳ್ಯ, ಪುತ್ತೂರು ಕಡೆ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಕಡಿಮೆ. ಕರಾವಳಿಯ ಇಬ್ಬರಿಗೆ ಸೌದಿಯಲ್ಲಿ ಆದದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹೆಸರು ಇಲ್ಲಿ ಬೇಡ, ಸಂಗತಿ ಸಾಕು. ಕುಂದಾಪುರ ಕಡೆಯ ಒಬ್ಬರು ದಮ್ಮಾಮಿನಲ್ಲಿ ಎಸಿ ಟೆಕ್ನಿಷಿಯನ್ ಆಗಿದ್ದರು. 2019ರ ಡಿಸೆಂಬರಿನಲ್ಲಿ ಅವರ ಹೆಸರು, ಫೋಟೋ ಇದ್ದ ಫೇಸ್‌ಬುಕ್ ಖಾತೆಯಲ್ಲಿ ಮೆಕ್ಕಾ ಬಗ್ಗೆ, ಅಲ್ಲಿನ ಯುವರಾಜರ ಬಗ್ಗೆ ಅವಹೇಳನದ ಪೋಸ್ಟ್ ಬಂತು. ಕೂಡಲೇ ಬಂಧನ. ಖಾತೆ ಅವರದ್ದಲ್ಲ ಎಂದು ಪತ್ನಿ ಉಡುಪಿ ಪೊಲೀಸರಿಗೆ ದೂರು ಕೊಟ್ಟರು. ತನಿಖೆ ಮಾಡಿದ ಪೊಲೀಸರು 2020ರಲ್ಲಿ ಆ ನಕಲಿ ಖಾತೆ ಸೃಷ್ಟಿಸಿದ ಆರೋಪದ ಮೇಲೆ ನಮ್ಮದೇ ಜಿಲ್ಲೆಯ ಇಬ್ಬರನ್ನು ಬಂಧಿಸಿದರು. ಆ ಟೆಕ್ನಿಷಿಯನ್ ಊರಿಗೆ ಮರಳಿದ್ದು 2021ರ ಆಗಸ್ಟಿನಲ್ಲಿ, ಸುಮಾರು 20 ತಿಂಗಳ ನಂತರ.

ಇನ್ನೊಬ್ಬರು ಮಂಗಳೂರಿನವರು. ಅವರದ್ದೂ ನಕಲಿ ಖಾತೆಯ ಕಥೆ ಎಂದೇ ಕುಟುಂಬ ಹೇಳುತ್ತದೆ. ಅಲ್ಲಿನ ನ್ಯಾಯಾಲಯ 15 ವರ್ಷ ಶಿಕ್ಷೆ ಕೊಟ್ಟಿತು. ಪತ್ನಿ ಕರ್ನಾಟಕ ಹೈಕೋರ್ಟಿಗೆ ಹೋದರು. 2023ರ ಜೂನಿನಲ್ಲಿ, ಪೊಲೀಸರ ತನಿಖೆಗೆ ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್ ಮುಚ್ಚಿಸುವ ಬಗ್ಗೆ ಯೋಚಿಸಬೇಕಾದೀತು ಎಂದು ಹೈಕೋರ್ಟ್ ಕಂಪನಿಗೆ ಎಚ್ಚರಿಕೆ ಕೊಟ್ಟಿತು.

ಈ ಎರಡು ಪ್ರಕರಣಗಳನ್ನು "ನೋಡಿ, ಸೌದಿ ಹೀಗೆ" ಎಂದು ಹೇಳಿ ಮುಗಿಸುವುದು ಸುಲಭ. ನಮಗೆ ಕಾಣುವುದು ಬೇರೆ. ಮೊದಲ ಪ್ರಕರಣದಲ್ಲಿ ಪೊಲೀಸರು ಹೇಳುವುದು ನಿಜವಾದರೆ, ಕಾನೂನು ಸೌದಿಯದ್ದು, ಕೈ ನಮ್ಮೂರಿನದ್ದು. ಮಾತಿಗೆ ಕಠಿಣ ಶಿಕ್ಷೆ ಕೊಡುವ ಕಾನೂನು ರಾಜನನ್ನೋ ಧರ್ಮವನ್ನೋ ಕಾಪಾಡುತ್ತದೋ ಇಲ್ಲವೋ, ಯಾರದ್ದಾದರೂ ಮೇಲೆ ಸಿಟ್ಟು ಇರುವವನ ಕೈಗೆ ಒಂದು ಕತ್ತಿಯನ್ನಂತೂ ಕೊಡುತ್ತದೆ. ಸಾವಿರಾರು ಕಿಲೋಮೀಟರ್ ದೂರದಲ್ಲಿ ಕೂತು, ಒಂದು ಫೋನ್ ಹಿಡಿದು ಆ ಕತ್ತಿ ಬೀಸಬಹುದು. ಹಾಗಾಗಿ ಒಂದು ಕಾನೂನು ಒಳ್ಳೆಯದಾ ಎಂದು ಕೇಳುವಾಗ ಒಳ್ಳೆಯ ಅಧಿಕಾರಿಯ ಕೈಯಲ್ಲಿ ಅದು ಹೇಗಿರುತ್ತದೆ ಎಂದು ಕೇಳಿದರೆ ಸಾಲದು. ನಮ್ಮ ವೈರಿಯ ಕೈಯಲ್ಲಿ ಹೇಗಿರುತ್ತದೆ ಎಂದೂ ಕೇಳಬೇಕು.

ರಾಜಕೀಯ ಸ್ವಾತಂತ್ರ್ಯಕ್ಕೆ ಬರೋಣ. ಸೌದಿಯಲ್ಲಿ ರಾಜಕೀಯ ಪಕ್ಷ ಕಟ್ಟುವ ಹಾಗಿಲ್ಲ. ಗಲ್ಫಿನಲ್ಲಿ ಕುವೈತಿಗೆ ಚುನಾಯಿತ ಸಂಸತ್ತಿನ ಹೆಮ್ಮೆ ಇತ್ತು. 2024ರ ಮೇ ತಿಂಗಳಲ್ಲಿ ಅಲ್ಲಿನ ಅಮೀರರು ಸಂಸತ್ತನ್ನು ವಿಸರ್ಜಿಸಿ ನಾಲ್ಕು ವರ್ಷಗಳವರೆಗೆ ಅದಿಲ್ಲದೆ ಆಡಳಿತ ನಡೆಸುವುದಾಗಿ ಘೋಷಿಸಿದರು. ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆ ಹೋಗುವುದಿಲ್ಲ ಎಂದು ದುಬೈಯಲ್ಲಿ ಮಗ ಇರುವ ಅಮ್ಮಂದಿರಿಗೆಲ್ಲ ಗೊತ್ತು. ಅದಕ್ಕೇ ಅವರ ಫೋನಿನಲ್ಲಿ ಬೋಟಿಮ್ ಇರುತ್ತದೆ. ಆದರೂ ನಮ್ಮವರು ಹೋಗುತ್ತಾರೆ, ಯಾಕಂದ್ರೆ ಅಡಿಕೆ, ರಬ್ಬರ್ ನಂಬಿ ಎಲ್ಲರ ಮನೆಯೂ ನಡೆಯುವುದಿಲ್ಲ. ಸಂಬಳಕ್ಕಾಗಿ ಮಾತನ್ನು ಒತ್ತೆ ಇಟ್ಟವರನ್ನು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಅವರ ಇನ್ನೊಂದು ನಷ್ಟ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿ ಅವರಿಗೆ ಮತ ಇಲ್ಲ. ಇಲ್ಲಿ 2010ರ ತಿದ್ದುಪಡಿಯಿಂದ ಅನಿವಾಸಿ ಭಾರತೀಯರು ಮತದಾರರ ಪಟ್ಟಿಗೆ ಸೇರಬಹುದು, ಆದರೆ ಮತ ಹಾಕಲು ಊರಿನ ಮತಗಟ್ಟೆಗೇ ಬರಬೇಕು. ವಿಮಾನದ ಟಿಕೆಟ್ ಲೆಕ್ಕ ಹಾಕಿ ಎಷ್ಟು ಜನ ಬಂದಾರು? ಎರಡೂ ದೇಶಗಳಲ್ಲಿ ದುಡಿಮೆಯಿದೆ, ಎರಡರಲ್ಲೂ ದನಿ ಇಲ್ಲ.

ಇನ್ನು ಪಶ್ಚಿಮ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ 1791ರದ್ದು. 1969ರ ಬ್ರಾಂಡನ್‌ಬರ್ಗ್ ತೀರ್ಪಿನ ಪ್ರಕಾರ ಹಿಂಸೆಯನ್ನು ಸಮರ್ಥಿಸುವ ಭಾಷಣಕ್ಕೂ ಸುಮ್ಮನೆ ಶಿಕ್ಷೆ ಕೊಡುವ ಹಾಗಿಲ್ಲ. ಅದು ತಕ್ಷಣದ ಕಾನೂನುಬಾಹಿರ ಕೃತ್ಯಕ್ಕೆ ಪ್ರಚೋದಿಸುವಂತಿರಬೇಕು, ಹಾಗೆ ಆಗುವ ಸಂಭವವೂ ಇರಬೇಕು. ಮಾತಿಗೆ ಇಷ್ಟು ದೊಡ್ಡ ಅಂಗಳ ಬಿಟ್ಟ ದೇಶಗಳು ಕಡಿಮೆ. ಆದರೆ ಎಂಎಸ್ ಮಾಡಲು ಹೊರಟ ನಮ್ಮ ಸೀನಿಯರ್‌ಗಳನ್ನು ಕೇಳಿ. 2019ರಿಂದ ವೀಸಾ ಅರ್ಜಿಯಲ್ಲಿ ಐದು ವರ್ಷಗಳ ಸೋಷಿಯಲ್ ಮೀಡಿಯಾ ಖಾತೆಗಳ ವಿವರ ಕೊಡಬೇಕು. 2025ರ ಜೂನಿನಿಂದ ವಿದ್ಯಾರ್ಥಿ ವೀಸಾ ಕೇಳುವವರು ಆ ಖಾತೆಗಳನ್ನು ಎಲ್ಲರಿಗೂ ಕಾಣುವ ಹಾಗೆ ತೆರೆದಿಡಬೇಕು. ಅಂದ್ರೆ ಆ ದೊಡ್ಡ ಅಂಗಳಕ್ಕೆ ಕಾಲಿಡುವ ಮೊದಲೇ ಹಳೆಯ ಪೋಸ್ಟ್‌ಗಳನ್ನು ಒಂದೊಂದಾಗಿ ಅಳಿಸುತ್ತಾ ಕೂರುವ ಪರಿಸ್ಥಿತಿ. ಪ್ರಜೆಗೆ ಒಂದು ಅಳತೆ, ಬಾಗಿಲಲ್ಲಿ ನಿಂತವನಿಗೆ ಇನ್ನೊಂದು.

ಜರ್ಮನಿಯದ್ದು ಮತ್ತೊಂದು ದಾರಿ. ಯೆಹೂದ್ಯರ ನರಮೇಧ ನಡೆದೇ ಇಲ್ಲ ಎಂದು ಸಾರ್ವಜನಿಕವಾಗಿ ಹೇಳುವುದು, ನಾಜಿ ಚಿಹ್ನೆಗಳನ್ನು ಪ್ರದರ್ಶಿಸುವುದು ಅಲ್ಲಿ ಅಪರಾಧ. ಮಾತು ಎಲ್ಲಿಗೆ ಕೊಂಡೊಯ್ಯಬಹುದು ಎಂದು ಅವರು ತಮ್ಮ ಮನೆಯಲ್ಲೇ ಕಂಡವರು. ಸ್ವೀಡನ್ ನೋಡಿದರೆ 1766ರಲ್ಲೇ ಪತ್ರಿಕಾ ಸ್ವಾತಂತ್ರ್ಯದ ಕಾನೂನು ಮಾಡಿತು, ಜೊತೆಗೆ ಸರ್ಕಾರಿ ದಾಖಲೆಗಳನ್ನು ನೋಡುವ ಹಕ್ಕನ್ನೂ ಜನರಿಗೆ ಕೊಟ್ಟಿತು. ನಮಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಏನು ನಡೆಯುತ್ತಿದೆ ಎಂದೇ ಗೊತ್ತಿಲ್ಲದವನಿಗೆ ಮಾತಾಡುವ ಹಕ್ಕು ಕೊಟ್ಟರೆ ಅವನು ಬೈಯಬಹುದು ಅಷ್ಟೆ, ಪ್ರಶ್ನೆ ಕೇಳಲಾರ. ನಮ್ಮ ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ.

ನಮ್ಮ ದೇಶಕ್ಕೆ ಬಂದರೆ, 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ಕೊಡುತ್ತದೆ, 19(2) ಅದಕ್ಕೆ ಮಿತಿ ಹಾಕುತ್ತದೆ. ಮಿತಿ ಇರುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ದ್ವೇಷದ ಒಂದು ಫಾರ್ವರ್ಡ್‌ನಿಂದ ಅಂಗಡಿ ಮುಚ್ಚಿದ್ದನ್ನು, ಬಸ್ ನಿಂತದ್ದನ್ನು ಕಂಡ ಜಿಲ್ಲೆ ನಮ್ಮದು. ಪ್ರಶ್ನೆ ಇರುವುದು ಮಿತಿ ಎಷ್ಟು ಸ್ಪಷ್ಟ, ಅದನ್ನು ಯಾರು ಎಳೆಯುತ್ತಾರೆ ಎಂಬುದರಲ್ಲಿ. 2012ರಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದದ್ದಕ್ಕೆ ಒಬ್ಬ ಹುಡುಗಿಯನ್ನು, ಅದಕ್ಕೆ ಲೈಕ್ ಒತ್ತಿದ್ದಕ್ಕೆ ಇನ್ನೊಬ್ಬಳನ್ನು ಪಾಲ್ಘರ್ ಪೊಲೀಸರು ಬಂಧಿಸಿದರು. ಅದನ್ನು ನೋಡಿ ಶ್ರೇಯಾ ಸಿಂಘಾಲ್ ಎಂಬ 21 ವರ್ಷದ ಯುವತಿ ಸುಪ್ರೀಂ ಕೋರ್ಟಿಗೆ ಹೋದಳು. 2015ರ ಮಾರ್ಚ್ 24ರಂದು ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದಾಯಿತು. ನಮ್ಮ ವಯಸ್ಸಿನವಳೊಬ್ಬಳು ಇಡೀ ದೇಶದ ಕಾನೂನು ಬದಲಿಸಿದಳು, ಅದು ಈ ವ್ಯವಸ್ಥೆಯ ಬಲ. ರದ್ದಾಗಿ ಆರು ವರ್ಷವಾದ ಮೇಲೂ ಅದೇ ಸೆಕ್ಷನ್‌ನಲ್ಲಿ ಠಾಣೆಗಳು ಕೇಸ್ ಹಾಕುತ್ತಲೇ ಇದ್ದವು, 2021ರಲ್ಲಿ ಸುಪ್ರೀಂ ಕೋರ್ಟ್ ಆಘಾತ ವ್ಯಕ್ತಪಡಿಸಬೇಕಾಯಿತು. ಅದು ಇದೇ ವ್ಯವಸ್ಥೆಯ ರೋಗ.

2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಗೋಲಿಬಾರ್ ಆಗಿ ಇಬ್ಬರು ಸತ್ತರು, ಜಿಲ್ಲೆಯಲ್ಲಿ ಮೊಬೈಲ್ ಇಂಟರ್ನೆಟ್ ನಿಂತಿತು. ಏನಾಯಿತು ಎಂದು ತಿಳಿಯಲು ಜನರಿಗೆ ಅತ್ಯಂತ ಅಗತ್ಯವಿದ್ದ ಹೊತ್ತಿನಲ್ಲೇ ತಿಳಿಯುವ ದಾರಿ ಮುಚ್ಚಿತ್ತು. ಮುಂದಿನ ತಿಂಗಳು, ಕಾಶ್ಮೀರದ ಪ್ರಕರಣದಲ್ಲಿ, ಇಂಟರ್ನೆಟ್ ನಿಲ್ಲಿಸುವ ಆದೇಶಗಳನ್ನು ಪ್ರಕಟಿಸಬೇಕು, ಅನಿರ್ದಿಷ್ಟಾವಧಿಗೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಆದರೆ ಸ್ವಾತಂತ್ರ್ಯ ಕೋರ್ಟಿನಲ್ಲಿ ಮಾತ್ರ ಬದುಕುವುದಿಲ್ಲ. ಅದಕ್ಕೆ ಕೋಡಿಂಬಾಳವನ್ನೇ ನೋಡಿ. ಕುಮಾರಧಾರೆಯ ಆಚೀಚೆಯ ತೋಟ, ರಬ್ಬರ್, ಒಂದು ಪುಟ್ಟ ರೈಲು ನಿಲ್ದಾಣ. ಜಾಗತಿಕ ಪಟ್ಟಿಗಳಲ್ಲಿ ಎಲ್ಲೂ ಸಿಗದ ಊರು. ಕಡಬ ಗ್ರಾಮ ಪಂಚಾಯತಿನಲ್ಲಿ ಇದ್ದಷ್ಟು ಕಾಲ ಇಲ್ಲಿಯ ಜನರಿಗೆ ಗ್ರಾಮಸಭೆ ಇತ್ತು. ಅದು ಯಾರೋ ಕೊಟ್ಟ ದಾನ ಅಲ್ಲ, ಸಂವಿಧಾನದ 243ಎ ವಿಧಿಯಲ್ಲಿ ಇರುವ ಸಭೆ. ಮತದಾರರ ಪಟ್ಟಿಯಲ್ಲಿ ಹೆಸರು ಇರುವ ಯಾರೂ ಎದ್ದು ನಿಂತು "ಎಂತ ಸ್ವಾಮಿ, ನೀರಿನ ಪೈಪು ಎಲ್ಲಿಗೆ ಬಂತು? ಆನೆ ತೋಟಕ್ಕೆ ನುಗ್ಗಿದ್ದಕ್ಕೆ ಅರಣ್ಯ ಇಲಾಖೆಯವರು ಎಂತ ಮಾಡಿದ್ರು?" ಎಂದು ಕೇಳಬಹುದಿತ್ತು. ಆಮೇಲೆ ಕಡಬ ಮತ್ತು ಕೋಡಿಂಬಾಳ ಸೇರಿ ಪಟ್ಟಣ ಪಂಚಾಯತ್ ಆಯಿತು. ಪಟ್ಟಣಕ್ಕೆ ಗ್ರಾಮಸಭೆ ಇಲ್ಲ. ಮೊದಲ ಚುನಾವಣೆ ನಡೆದದ್ದು 2025ರ ಆಗಸ್ಟಿನಲ್ಲಿ. ಅಲ್ಲಿಯವರೆಗೆ ವರ್ಷಗಟ್ಟಲೆ ಆಡಳಿತಾಧಿಕಾರಿಯದ್ದೇ ಆಡಳಿತ. ಕೇಳಲು ಸಭೆಯೂ ಇಲ್ಲ, ಹಿಡಿದು ನಿಲ್ಲಿಸಲು ಸದಸ್ಯನೂ ಇಲ್ಲ. ಇಲ್ಲಿ ಯಾರೂ ಜೈಲಿಗೆ ಹೋಗಲಿಲ್ಲ, ಯಾವ ಖಾತೆಯೂ ಬ್ಲಾಕ್ ಆಗಲಿಲ್ಲ. ಹಾಗಾಗಿ ಇದು ಯಾವ ಸೂಚ್ಯಂಕದಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಆದರೆ ರಾಜಕೀಯ ಸ್ವಾತಂತ್ರ್ಯ ಅಂದ್ರೆ ಇದೇ ಅಲ್ವಾ? ಕೇಳಿದರೆ ಉತ್ತರ ಕೊಡಲೇಬೇಕಾದವರು ಒಬ್ಬರು ಎದುರಿಗೆ ಇರುವುದು.

ಈ ಮಣ್ಣಿಗೆ ಇದು ಹೊಸ ಪ್ರಶ್ನೆಯೂ ಅಲ್ಲ. 1834ರಲ್ಲಿ ಕಂಪನಿ ಕೊಡಗನ್ನು ವಶಪಡಿಸಿಕೊಂಡು ಅಮರ ಸುಳ್ಯ, ಪುತ್ತೂರು ಭಾಗವನ್ನು ಕೆನರಾಕ್ಕೆ ಸೇರಿಸಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಎಂದಿತು. ರೈತನ ಕಷ್ಟ ಕೇಳುವ ಕಿವಿ ಮಾತ್ರ ಇರಲಿಲ್ಲ. 1837ರಲ್ಲಿ ಸುಳ್ಯದಿಂದ ಹೊರಟ ದಂಡು ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಆಳಿತು. ಕೇಳುವ ಜಾಗ ಇಲ್ಲದಾಗ ಸಿಟ್ಟು ಬೇರೆ ದಾರಿ ಹುಡುಕುತ್ತದೆ.

ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಮಾತೊಂದಿದೆ: "ಸುಮ್ನಿರು ಮಗಾ, ಕೇಸ್ ಗೀಸ್ ಆದ್ರೆ ಪಾಸ್‌ಪೋರ್ಟ್ ಸಿಗ್ಲಿಕ್ಕಿಲ್ಲ." ಅದು ಪ್ರೀತಿಯಿಂದ ಬಂದ ಮಾತು, ಅನುಭವದಿಂದ ಬಂದ ಮಾತು. ನಾವು ಅವರನ್ನು ದೂರುವುದಿಲ್ಲ. ಆದರೆ ಒಂದು ದೇಶದ ಸ್ವಾತಂತ್ರ್ಯವನ್ನು ಅಳೆಯಲು ಈ ವಾಕ್ಯಕ್ಕಿಂತ ಒಳ್ಳೆಯ ಮೀಟರ್ ಇಲ್ಲ. ಅಮ್ಮಂದಿರು ಅದನ್ನು ಎಷ್ಟು ಸಲ ಹೇಳಬೇಕಾಗುತ್ತದೆ, ಯಾವ ವಿಷಯಕ್ಕೆ ಹೇಳಬೇಕಾಗುತ್ತದೆ ಎಂದು ಎಣಿಸಿದರೆ ಸಾಕು.

ಆದ್ದರಿಂದ ಸ್ನೇಹಿತರೇ, ಹೋಲಿಕೆ ಮಾಡೋಣ. ಹೊರಗೆ ಹೋಗುವವರು ಆ ದೇಶದ ಸಂಬಳದ ಜೊತೆಗೆ ಮಾತಿನ ಕಾನೂನನ್ನೂ ಓದಿಕೊಂಡು ಹೋಗಿ. ನಿಮ್ಮ ಹೆಸರಿನಲ್ಲಿ ನಕಲಿ ಖಾತೆ ಕಂಡರೆ ಅದೇ ದಿನ ಇಲ್ಲಿಯ ಸೈಬರ್ ಠಾಣೆಗೆ ದೂರು ಕೊಡಿಸಿ. ಇಲ್ಲಿ ಇರುವವರು ನಿಮ್ಮ ವಾರ್ಡಿನ ಸದಸ್ಯ ಯಾರೆಂದು ತಿಳಿದುಕೊಂಡು ಒಂದು ಪ್ರಶ್ನೆಯನ್ನಾದರೂ ಬರಹದಲ್ಲಿ ಕೇಳಿ, ಉತ್ತರ ಬರದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ನಿಮಗೆ ಹಿಡಿಸದ ಪಕ್ಷದವನ ಮೇಲೆ ಬರೀ ಮಾತಿಗೆ ಕೇಸ್ ಬಿದ್ದಾಗ "ಆಗ್ಲಿ ಬಿಡು ಅವನಿಗೆ" ಅನ್ನಬೇಡಿ. ಅವನ ಮೇಲೆ ಹರಿತ ಮಾಡಿದ ಕತ್ತಿಗೆ ನಮ್ಮ ಗುರುತೂ ಸಿಗುತ್ತದೆ.

ಈ ಲೇಖನಕ್ಕೆ ವಿರುದ್ಧವಾದ ಅಭಿಪ್ರಾಯ ಇದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಇಷ್ಟೇ ಜಾಗ ಕೊಟ್ಟು ಪ್ರಕಟಿಸುತ್ತೇವೆ.