ರಸ್ತೆ ಹೊಸದಾಯ್ತು, ವ್ಯಾಪಾರದ ಲೆಕ್ಕ ಬರೆಯೋರು ಯಾರು?

ದಾವಣಗೆರೆ: ಹಳೇ ಪೇಟೆಯ ರಸ್ತೆ ಅಗೆಯುವ ಮುಂಚೆ ಅಧಿಕಾರಿಗಳು ಅಗಲ ಅಳೀತಾರೆ, ಚರಂಡಿ ಆಳ ನೋಡ್ತಾರೆ, ಕರೆಂಟ್ ಕಂಬ ಎಣಿಸ್ತಾರೆ. ಆ ರಸ್ತೆಯನ್ನೇ ನಂಬಿ ಎಷ್ಟು ಅಂಗಡಿ, ಎಷ್ಟು ಮನೆ ನಡೀತಿದೆ ಅನ್ನೋ ಲೆಕ್ಕವೂ ಅಷ್ಟೇ ಮುಖ್ಯ. ಅದನ್ನು ಬಿಟ್ಟರೆ ಅಭಿವೃದ್ಧಿ ಅರ್ಧಕ್ಕೇ ನಿಂತಂತೆ.

ಮಿಲ್ ಹೋಯ್ತು, ಹೆಸರು ಉಳೀತು

ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿದು. ಮಿಲ್ ಶಿಫ್ಟ್ ಬಿಟ್ಟಾಗ ಅಂಗಡಿ ತುಂಬುತ್ತಿದ್ದ ಕಾಲ ಮುಗಿದಿದೆ. ಕಾಟನ್ ಮಿಲ್ ನೆನಪು ಈಗ ಡಿಸಿಎಂ ಟೌನ್‌ಶಿಪ್ ಅನ್ನೋ ಹೆಸರಲ್ಲಿದೆ. ಇವತ್ತು ದುಡ್ಡು ಓಡಾಡೋದು ಕಾಲೇಜು, ಆಸ್ಪತ್ರೆ, ಹಾಸ್ಟೆಲ್, ಬಟ್ಟೆ ಅಂಗಡಿ, ಹೋಟೆಲ್‌ಗಳಲ್ಲಿ. ಮಿಲ್ ಕಾರ್ಮಿಕನಿಗೆ ತಿಂಗಳ ಸಂಬಳವಿತ್ತು. ಅಂಗಡಿಯವರದು ದಿನದ ಗಲ್ಲಾಪೆಟ್ಟಿಗೆ. ಒಂದು ವಾರ ರಸ್ತೆ ಬಂದ್ ಆದರೂ ಹೊಡೆತ ಬೀಳುತ್ತೆ. ಮೊಬೈಲ್‌ನಲ್ಲಿ ಆರ್ಡರ್ ಮಾಡೋದು ಕಲಿತ ಗಿರಾಕಿ ಮತ್ತೆ ಬರ್ತಾನೆ ಅನ್ನೋ ಖಾತ್ರಿಯೂ ಇಲ್ಲ.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಮೊದಲ 20 ನಗರಗಳ ಪಟ್ಟಿಯಲ್ಲೇ ದಾವಣಗೆರೆ ಬಂತು. ಕೇಂದ್ರದ 500 ಕೋಟಿ, ರಾಜ್ಯದ 500 ಕೋಟಿ ರೂಪಾಯಿ ಲೆಕ್ಕದ ಯೋಜನೆ ಅದು. ಮಂಡಿಪೇಟೆ ಸುತ್ತಲಿನ ಹಳೇ ಭಾಗವೂ ಅದರಲ್ಲಿತ್ತು. ಹಳೇ ಪೇಟೆಗೆ ಒಳ್ಳೇ ರಸ್ತೆ, ಚರಂಡಿ ಬೇಕೇ ಬೇಕು. ಆದರೆ ತಿಂಗಳಿಗೆ 10 ಸಾವಿರ ಬಾಡಿಗೆ ಕಟ್ಟುವ ಒಂದು ಅಂಗಡಿ ಇದೆ ಅಂತ ಇಟ್ಟುಕೊಳ್ಳಿ. ಕೆಲಸ ಮೂರು ತಿಂಗಳು ತಡವಾದರೆ ಬಾಡಿಗೆಯೇ 30 ಸಾವಿರ. ಹುಡುಗರ ಸಂಬಳ, ಸಾಲದ ಬಡ್ಡಿ ಬೇರೆ. ಗುತ್ತಿಗೆದಾರರ ಬಿಲ್ಲಿನಲ್ಲಿ ಈ ಖರ್ಚು ಕಾಣಲ್ಲ.

ಹರಿಹರದ ಲೆಕ್ಕವೇ ಬೇರೆ

1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಹರಿಹರಕ್ಕೆ ಅನ್ನ ಕೊಟ್ಟಿತ್ತು. ಅದು ಬಾಗಿಲು ಹಾಕಿದ ಮೇಲೆ ಅಷ್ಟು ದೊಡ್ಡ ಸಂಬಳದ ಪಟ್ಟಿ ಊರೊಳಗೆ ಮತ್ತೆ ಬರಲಿಲ್ಲ. ಹೊಳೆ ದಾಟಿದರೆ ಕುಮಾರಪಟ್ಟಣದಲ್ಲಿ ಕಾರ್ಖಾನೆ ಇದೆ. ಅದು ಹಾವೇರಿ ಜಿಲ್ಲೆಗೆ ಸೇರಿದ್ದು. ಈ ಕಡೆ ದುಡಿಮೆಗೆ, ಓದಿಗೆ, ಆಸ್ಪತ್ರೆಗೆ ದಾವಣಗೆರೆ ಬಸ್ ಹತ್ತಬೇಕು. ಜನರ ಬದುಕು ಜಿಲ್ಲೆಯ ಗಡಿ ದಾಟಿ ಓಡಾಡುತ್ತೆ, ನಕ್ಷೆ ಮಾತ್ರ ಗಡಿಗೆ ನಿಲ್ಲುತ್ತೆ. ಎರಡೂ ಊರಿಗೆ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ, ದೂಡಾ ಇದೆ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವಾಗ ಸೈಟ್ ಎಷ್ಟು ಅನ್ನೋದರ ಜತೆ ದುಡಿಯೋಕೆ ಜಾಗ ಎಲ್ಲಿ ಅಂತಲೂ ಅದು ಕೇಳಬೇಕು.

ಏನು ಮಾಡಬಹುದು?

ಹೊಸ ಸರ್ವೆಗೆ ಕೋಟಿ ಸುರಿಯಬೇಕಿಲ್ಲ. ಉದ್ದಿಮೆ ಪರವಾನಗಿ, ಆಸ್ತಿ ತೆರಿಗೆ ದಾಖಲೆ ಪಾಲಿಕೆ, ನಗರಸಭೆ ಹತ್ತಿರವೇ ಇವೆ. ಒಂದು ರಸ್ತೆ ಕೈಗೆತ್ತಿಕೊಳ್ಳುವ ಮುಂಚೆ ಅವೆರಡನ್ನೂ ಎದುರಿಗಿಟ್ಟುಕೊಂಡು ಅಂಗಡಿ ಎಣಿಸಬೇಕು. ಬೀದಿಬದಿಯವರಿಗೆ 2014ರ ಕಾಯ್ದೆಯೇ ಇದೆ: ಸಮೀಕ್ಷೆ ಮುಗಿಯದೆ ಎಬ್ಬಿಸುವಂತಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ ಇರಬೇಕು. ಬಾಡಿಗೆ ಅಂಗಡಿಯವರನ್ನೂ ಹಾಗೇ ಕೂರಿಸಿ ಕೇಳಬಹುದು. ಒಂದು ಬದಿ ಮುಗಿಸಿ ಇನ್ನೊಂದು ಬದಿ ಅಗೆಯುವುದು, ಹಬ್ಬ, ಮದುವೆ ಸೀಸನ್ ಬಿಟ್ಟು ಕೆಲಸ ಶುರು ಮಾಡುವುದು, ಮುಗಿಯುವ ದಿನಾಂಕ ಬೋರ್ಡಿನಲ್ಲಿ ಬರೆಯುವುದು, ಇಷ್ಟಾದರೂ ಸಾಕಷ್ಟು ಅಂಗಡಿ ಉಳೀತಾವೆ.

2025ರ ಮಾರ್ಚ್‌ಗೆ ಸ್ಮಾರ್ಟ್ ಸಿಟಿ ಯೋಜನೆಯ ಅವಧಿ ಮುಗಿದಿದೆ. ಹಾಕಿದ ದೀಪ, ಕಟ್ಟಿದ ಚರಂಡಿ ನೋಡಿಕೊಳ್ಳೋ ಖರ್ಚು ಇನ್ನು ಊರಿನ ತೆರಿಗೆಯಿಂದಲೇ ಬರಬೇಕು. ಆ ತೆರಿಗೆ ಕಟ್ಟೋರಲ್ಲಿ ಅಂಗಡಿಯವರದ್ದು ದೊಡ್ಡ ಪಾಲು. ಶಟರ್ ಎಳೆದವರು ಎಲ್ಲಿಂದ ಕಟ್ತಾರೆ?