ತಾಯಿ ಕಾರ್ಡು ಅಜ್ಜಿ ಮನೇಲೇ ಉಳಿದಿದೆಯಾ?

ಊರಿಂದ ಹೊಸದಾಗಿ ಆಸ್ಟ್ರೇಲಿಯಾಕ್ಕೆ ಬಂದ ನಮ್ಮವರ ದೂರು ಈ ತಿಂಗಳೂ ಅದೇ: "ಎಲ್ಲಾ ಲಸಿಕೆ ಹಾಕಿಸಿದೀವಿ, ತಾಯಿ ಕಾರ್ಡೂ ಇದೆ, ಆದ್ರೂ ಚೈಲ್ಡ್‌ಕೇರ್‌ನವರು ಮಗೂನ ಸೇರಿಸ್ಕೊಳ್ತಿಲ್ಲ." ಕ್ಯಾಶುವಲ್ ಕೆಲಸದವರಿಗೆ ಇದು ಸಣ್ಣ ಮಾತಲ್ಲ. ಮಗು ಮನೇಲಿದ್ರೆ ಶಿಫ್ಟ್ ಇಲ್ಲ, ಶಿಫ್ಟ್ ಇಲ್ಲದಿದ್ರೆ ಸಂಬಳ ಇಲ್ಲ.

ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್‌ಗಳಲ್ಲಿ ಚೈಲ್ಡ್‌ಕೇರ್ ಕೇಳುವುದು ಕಾರ್ಡನ್ನಲ್ಲ, ಆಸ್ಟ್ರೇಲಿಯನ್ ಇಮ್ಯುನೈಸೇಷನ್ ರಿಜಿಸ್ಟರ್‌ನ ಪತ್ರವನ್ನು. 1996ರಲ್ಲಿ ಮಕ್ಕಳಿಗೆಂದು ಶುರುವಾದ ಈ ರಿಜಿಸ್ಟರ್ 2016ರಿಂದ ಎಲ್ಲ ವಯಸ್ಸಿನವರದ್ದೂ ಆಗಿದೆ. ಮೈಗವ್ ಮೂಲಕ ನಾವು ಅದನ್ನು ನೋಡಬಹುದು, ಇಳಿಸಿಕೊಳ್ಳಬಹುದು. ಬರೆಯೋಕೆ ಮಾತ್ರ ಆಗಲ್ಲ. ಊರಲ್ಲಿ ಹಾಕಿಸಿದ್ದನ್ನು ಇಲ್ಲಿನ ಜಿಪಿಯೋ ಲಸಿಕೆ ಹಾಕುವ ನರ್ಸೋ ಸೇರಿಸಬೇಕು. ಮೆಡಿಕೇರ್ ಇಲ್ಲದ ವೀಸಾದವರ ಮಕ್ಕಳ ದಾಖಲೆಯೂ ಅಲ್ಲಿ ಸೇರುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಹೆಚ್ಚು ಸಿಟ್ಟು ಬರೋದು ದಡಾರದ ಸಾಲಿನಲ್ಲಿ. ಊರಲ್ಲಿ ಸರ್ಕಾರಿ ಲಸಿಕೆ ಎಂಆರ್: 9 ತಿಂಗಳಿಗೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಇಲ್ಲಿ 12 ಮತ್ತು 18 ತಿಂಗಳಿಗೆ ಹಾಕ್ತಾರೆ. ನಮ್ಮ 9 ತಿಂಗಳಿನ ಡೋಸು ಇಲ್ಲಿ ಲೆಕ್ಕಕ್ಕೆ ಬರಲ್ಲ. ಎಂಆರ್‌ನಲ್ಲಿ ಮಂಗನಬಾವಿನ ಲಸಿಕೆಯೂ ಇರಲ್ಲ. ಹಾಗಾಗಿ ಎರಡೂ ಡೋಸು ಆದ ಮಗುವಿನ ಹೆಸರಿನ ಮುಂದೆಯೂ 'ಬಾಕಿ' ಅಂತ ಬರುತ್ತೆ. ಊರಿನ ಆಶಾ ಅಕ್ಕ ತಪ್ಪು ಮಾಡಿದರು ಅಂತ ಇದರ ಅರ್ಥ ಅಲ್ಲ. ಅಲ್ಲಿ ದಡಾರ ಎಳೆಗೂಸುಗಳಿಗೂ ತಗಲುತ್ತೆ, ಅದಕ್ಕೇ ಬೇಗ ಹಾಕ್ತಾರೆ. ಇಲ್ಲಿ ಇನ್ನೊಂದು ಎಂಎಂಆರ್ ಹಾಕಿಸಿದರೆ ಮಗುವಿಗೆ ಹಾನಿಯಿಲ್ಲ. ಆದರೂ ಇದನ್ನು ಕೌಂಟರ್‌ನಲ್ಲೇ ಬಿಡಿಸಿ ಹೇಳುವವರಿದ್ದರೆ ಅರ್ಧ ಜಗಳ ಆಗ್ತಿರಲಿಲ್ಲ.

ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲೇ ಪತ್ರ ಇಳಿಸಿಕೊಳ್ಳುವವರಿಗೆ ಈ ಆನ್‌ಲೈನ್ ವ್ಯವಸ್ಥೆ ಇಷ್ಟ. ದೊಡ್ಡ ಮಕ್ಕಳ ಅಪ್ಪ ಅಮ್ಮಂದಿರಿಗೆ ಅಷ್ಟಾಗಿ ರುಚಿಸಿಲ್ಲ. ಯಾಕಂದ್ರೆ 14 ತುಂಬಿದ ಮೇಲೆ ಪತ್ರವನ್ನು ಮಕ್ಕಳೇ ತೆಗೀಬೇಕು. ಉಂಡ ತಟ್ಟೆ ಎತ್ತದ ಹುಡುಗನ ಕೈಗೆ ದಾಖಲೆ ಕೊಡ್ತಾರಲ್ಲ ಅನ್ನೋದು ಅವರ ಗೊಣಗಾಟ!

ಕಾರ್ಡು ಊರಿನ ಬೀರುವಿನಲ್ಲಿದ್ದರೆ ಈ ಭಾನುವಾರವೇ ಪ್ರತಿ ಪುಟದ ಫೋಟೋ ತರಿಸಿಕೊಳ್ಳಿ. ಮಗುವಿನ ಹೆಸರು, ಹುಟ್ಟಿದ ದಿನ, ಲಸಿಕೆಯ ಹೆಸರು, ಹಾಕಿಸಿದ ತಾರೀಕು ಓದುವಂತಿರಲಿ. ಯು-ವಿನ್‌ನಲ್ಲಿ ಮಗುವಿನ ಹೆಸರಿದ್ದರೆ ಆ ಸರ್ಟಿಫಿಕೇಟೂ ತನ್ನಿ. ಕನ್ನಡದಲ್ಲಿ ಬರೆದ ಭಾಗಕ್ಕೆ ಇಂಗ್ಲಿಷ್ ಅನುವಾದ ಜೊತೆಗಿರಲಿ. ಜಿಪಿ ಹತ್ತಿರ ಹೋದಾಗ ರಿಜಿಸ್ಟರ್‌ಗೆ ಸೇರಿಸಿ ಅಂತ ಬಾಯಿಬಿಟ್ಟು ಕೇಳಿ, ಒಂದೆರಡು ವಾರ ಬಿಟ್ಟು ಪತ್ರ ತೆಗೆದು ನೋಡಿ.